ಊರಿನದ್ದು ಕೊಂಡರೆ ಸಾಕಾ?
ಊರಿನ ಮೀನು, ಊರಿನ ತರಕಾರಿ ಕೊಂಡರೆ ದುಡ್ಡು ದುಡಿಯುವವರ ಕೈಗೇ ಸೇರುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಯಾರ ಕೈಗೆ? ಬೆಳಗ್ಗೆ ಮಲ್ಪೆ ಬಂದರಿಗೆ ಬಂದು ನೋಡಿ. ಬಂಗುಡೆ, ಬೂತಾಯಿ ವಿಂಗಡಿಸಿ, ಐಸಿನಲ್ಲಿ ಕೈಯಿಟ್ಟು ಸಿಗಡಿ ಸುಲಿಯುವ ಹೆಂಗಸರ ಬೆರಳ ತುದಿ ಬಿಳಿಚಿ, ಮುಳ್ಳು ತಾಗಿದಲ್ಲೆಲ್ಲ ಚರ್ಮ ಎದ್ದಿರುತ್ತದೆ. ನಮ್ಮ ಅತ್ತೆಯೂ ಇದೇ ಕೆಲಸ ಮಾಡಿದವರು. ಸುಲಿದಷ್ಟಕ್ಕೆ ಕೂಲಿ, ಬೋಟು ಬರದಿದ್ದರೆ ಏನೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಆ ಎರಡು ತಿಂಗಳು ಇವರ ಒಲೆ ಉರಿಯುವುದು ಹೇಗೆ ಅಂತ ಒಂದು ಸಾಲೂ ಬರೆದಿಲ್ಲ ಅಲ್ವಾ? ಉಡುಪಿ ಬಳಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ ಜಿಐ, ಅಂದರೆ ಇದು ಇದೇ ಊರಿನ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ, ಬಂದದ್ದು ನನಗೂ ಖುಷಿಯೇ, ಆದರೆ ಗದ್ದೆಯಲ್ಲಿ ಬಗ್ಗಿ ಗುಳ್ಳ ಕೊಯ್ಯುವವರ ಕೂಲಿ ಅದರಿಂದ ತಾನಾಗಿ ಏರುವುದಿಲ್ಲ. ಮುಂದಿನ ಸಲ ಬೆಲೆಯ ಜೊತೆಗೆ ಇವರ ದಿನಗೂಲಿಯನ್ನೂ ಕೇಳಿ ಬರೆಯಿರಿ.