ಕೋಡ್‌ಇಗ್ನೈಟರ್ 3ರ ಲೈಬ್ರರಿಗಳನ್ನು ಕಂಪೋಸರ್ ಕೈಗೆ ಒಪ್ಪಿಸಬೇಕೇ?

ಪರ: ಒಪ್ಪಿಸಿ, ತಪ್ಪು ನಮ್ಮ ಮೇಜಿನ ಮೇಲೇ ಸಿಗುತ್ತದೆ

‘ಅನೇಬಲ್ ಟು ಲೋಡ್ ದ ರಿಕ್ವೆಸ್ಟೆಡ್ ಕ್ಲಾಸ್’, ಅಂದರೆ ಕೇಳಿದ ಕ್ಲಾಸ್ ತರಲಾಗಲಿಲ್ಲ ಎಂಬ ದೋಷ ಸಂದೇಶ. ಪಿಎಚ್‌ಪಿ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ಕೋಡ್‌ಇಗ್ನೈಟರ್ 3ರಲ್ಲಿ ಕೆಲಸ ಮಾಡಿದವರಿಗೆ ಈ ಸಾಲನ್ನು ಪರಿಚಯಿಸಬೇಕಿಲ್ಲ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಾರಗಟ್ಟಲೆ ಚೆನ್ನಾಗಿ ಓಡಿದ್ದ ರಸೀದಿ ಲೈಬ್ರರಿ (ರಸೀದಿ ತಯಾರಿಸುವ ಕೋಡ್ ಫೈಲ್), ಲಿನಕ್ಸ್ ಸರ್ವರಿಗೆ ಏರಿಸಿದ ಸಂಜೆಯೇ ಈ ಸಾಲು ತೋರಿಸಿ ನಿಂತುಬಿಟ್ಟಿತು. ಫೈಲ್ ಇದ್ದ ಜಾಗದಲ್ಲೇ ಇತ್ತು, ಪರ್ಮಿಷನ್ ಕೂಡ ಸರಿಯಿತ್ತು. ಎರಡು ಗಂಟೆ ಒದ್ದಾಡಿದ ಮೇಲೆ ಸಿಕ್ಕಿದ್ದು ಒಂದೇ ಒಂದು ಕ್ಯಾಪಿಟಲ್ ಅಕ್ಷರ, ಫೈಲ್ ಹೆಸರಿನ ನಡುವೆ.

ಲೈಬ್ರರಿ ಫೈಲ್‌ಗಳನ್ನು ಹುಡುಕಿ ತರುವ ಕೋಡ್‌ಇಗ್ನೈಟರ್‌ನ ಭಾಗವೇ ಲೋಡರ್; ಅದು ಹುಡುಕುವ ರೀತಿ ಹೀಗಿದೆ. ನಾವು ಕೊಟ್ಟ ಹೆಸರಿನ ಮೊದಲ ಅಕ್ಷರವನ್ನಷ್ಟೇ ಕ್ಯಾಪಿಟಲ್ ಮಾಡಿಕೊಳ್ಳುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಮೊದಲು ಸಿಸ್ಟಮ್ ಫೋಲ್ಡರ್, ಆಮೇಲೆ ಅಪ್ಲಿಕೇಶನ್‌ನ ಲೈಬ್ರರೀಸ್ ಫೋಲ್ಡರ್, ಕೊನೆಗೆ ಅಲ್ಲಿ ಅದೇ ಹೆಸರಿನ ಒಳಫೋಲ್ಡರ್ ಇದೆಯೇ ಎಂದು ನೋಡುತ್ತದೆ. ನಾನು ಲೈಬ್ರರಿಯನ್ನು ಪೂರ್ತಿ ಸ್ಮಾಲ್ ಅಕ್ಷರಗಳಲ್ಲಿ ಕರೆದಿದ್ದೆ. ವಿಂಡೋಸ್ ಆ ವ್ಯತ್ಯಾಸ ಲೆಕ್ಕಿಸಲಿಲ್ಲ, ಲಿನಕ್ಸ್ ಬಿಡಲಿಲ್ಲ. 2ನೇ ಆವೃತ್ತಿಯ ಯೋಜನೆಗಳನ್ನು 3ಕ್ಕೆ ತಂದವರಿಗಂತೂ ಈ ಪಾಡು ಇನ್ನೂ ಹೆಚ್ಚು. 2015ರ ಮಾರ್ಚ್‌ನಲ್ಲಿ ಬಂದ 3.0, ಎಲ್ಲ ಕ್ಲಾಸ್ ಫೈಲ್‌ಗಳ ಹೆಸರೂ ಕ್ಯಾಪಿಟಲ್‌ನಿಂದಲೇ ಶುರುವಾಗಬೇಕು ಎಂದು ನಿಯಮ ಮಾಡಿತು.

ಪಿಎಚ್‌ಪಿ ಲೈಬ್ರರಿಗಳನ್ನು ತಂದು ಜೋಡಿಸಿಕೊಡುವ ಸಾಧನವಾದ ಕಂಪೋಸರ್‌ಗೂ ಅಕ್ಷರ ತಪ್ಪಬಾರದು, ನಿಜ. ಹೆಸರಿನಿಂದಲೇ ಕ್ಲಾಸ್ ಫೈಲ್ ಹುಡುಕುವ ಪಿಎಸ್ಆರ್-4 ನಿಯಮದ ಪ್ರಕಾರ ನೇಮ್‌ಸ್ಪೇಸ್ (ಕ್ಲಾಸ್‌ಗಳ ಗುಂಪಿನ ಹೆಸರು) ಮತ್ತು ಫೋಲ್ಡರ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಆದರೆ ಆ ತಪ್ಪು ಯಾವಾಗ ಗೊತ್ತಾಗುತ್ತದೆ ಎನ್ನುವುದೇ ನನಗೆ ಮುಖ್ಯ. ಕಂಪೋಸರ್ 2ರಲ್ಲಿ ಆಪ್ಟಿಮೈಸ್ ಆಯ್ಕೆಯೊಂದಿಗೆ ಡಂಪ್-ಆಟೋಲೋಡ್ ಆದೇಶ ಕೊಟ್ಟರೆ, ಹೆಸರಿಗೂ ಜಾಗಕ್ಕೂ ತಾಳೆಯಾಗದ ಕ್ಲಾಸ್ ಯಾವುದು ಎಂದು ಅಲ್ಲೇ, ನನ್ನ ಟರ್ಮಿನಲ್‌ನಲ್ಲೇ ಹೇಳುತ್ತದೆ. ವಿಂಡೋಸ್‌ನಲ್ಲಿ ಕೂತಿದ್ದರೂ ಹೇಳುತ್ತದೆ. ಲೋಡರ್ ಮಾತ್ರ ಯಾರೋ ಆ ಪುಟ ತೆರೆಯುವವರೆಗೆ ಬಾಯಿ ಬಿಡುವುದಿಲ್ಲ. ರಸೀದಿಗಾಗಿ ಕೌಂಟರ್ ಮುಂದೆ ಜನ ಕಾಯುತ್ತಿರುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ಹೊರಗಿನ ಲೈಬ್ರರಿಗಳ ಮಾತು ಬಂದರೆ ಆಯ್ಕೆಯೇ ಉಳಿದಿಲ್ಲ. ಪಿಡಿಎಫ್‌ನಲ್ಲಿ ಕನ್ನಡ ಮುದ್ರಿಸಲು ಹೊರಟವರಿಗೆ ಒತ್ತಕ್ಷರಗಳು ಕಳಚಿಕೊಂಡು ಅಕ್ಕಪಕ್ಕ ಬೀಳುವ ಸಂಕಟ ಗೊತ್ತು. ಪಿಡಿಎಫ್ ತಯಾರಿಸುವ ಪಿಎಚ್‌ಪಿ ಲೈಬ್ರರಿ ಎಂಪಿಡಿಎಫ್ ತನ್ನ 6ನೇ ಆವೃತ್ತಿಯಿಂದ, ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಓಪನ್‌ಟೈಪ್ ಲೇಔಟ್ ತಂದಿತು. ಫಾಂಟ್ ಸೆಟ್ಟಿಂಗ್‌ನಲ್ಲಿ ಅದನ್ನು ಚಾಲೂ ಮಾಡಿದರೆ ಒತ್ತು, ದೀರ್ಘ ಎಲ್ಲವೂ ತಮ್ಮ ಜಾಗದಲ್ಲಿ ಕೂರುತ್ತವೆ. 7ರಿಂದ ಅದು ನೇಮ್‌ಸ್ಪೇಸ್ ಸಮೇತ ಕಂಪೋಸರ್ ಮೂಲಕ ಬರುತ್ತದೆ. ಕೋಡ್‌ಇಗ್ನೈಟರ್ 3ರ ಲೋಡರ್‌ಗೆ ನೇಮ್‌ಸ್ಪೇಸ್ ಅರ್ಥವಾಗದು. ನಮ್ಮ ಭಾಷೆ ಕಾಗದದ ಮೇಲೆ ಸರಿಯಾಗಿ ಮೂಡಲು ಬೇಕಾದ ಸಾಧನವೇ ಹೊರಗುಳಿಯುವುದಾದರೆ, ಹಳೆಯ ದಾರಿಗೆ ಅಂಟಿಕೊಂಡು ಏನು ಪ್ರಯೋಜನ?

ಇನ್ನು ಪಿಎಚ್‌ಪಿ 8.2. ಲೋಡರ್ ಪ್ರತಿ ಲೈಬ್ರರಿಯನ್ನೂ ಕಂಟ್ರೋಲರ್‌ಗೆ ಹೊಸ ಪ್ರಾಪರ್ಟಿಯಾಗಿ ತಗುಲಿಹಾಕುತ್ತದೆ. ಹಾಗೆ ಮೊದಲೇ ಘೋಷಿಸದ, ಡೈನಾಮಿಕ್ ಪ್ರಾಪರ್ಟಿ ಸೃಷ್ಟಿಸುವುದು 8.2ರಲ್ಲಿ ಡೆಪ್ರಿಕೇಟ್ ಆಯಿತು, ಅಂದರೆ ಸದ್ಯ ನಡೆದರೂ ಎಚ್ಚರಿಕೆ ಬರುತ್ತದೆ. ಕೋಡ್‌ಇಗ್ನೈಟರ್ 3.1.13 ಅದಕ್ಕಿಂತ ಮೊದಲೇ, 2022ರ ಮಾರ್ಚ್‌ನಲ್ಲಿ ಬಂದದ್ದು. ಎಚ್ಚರಿಕೆ ಸಂದೇಶಗಳನ್ನು ಮುಚ್ಚಿಟ್ಟು ಎಷ್ಟು ದಿನ ದೂಡುವುದು?

ವಿರೋಧ: ಮೊದಲು ಸಂದೇಶ ಓದಿ

ಮೇಲೆ ಬರೆದವರ ಎರಡು ಗಂಟೆಯ ಒದ್ದಾಟ ನನಗೂ ಆಗಿದೆ. ಆದರೆ ಅಲ್ಲಿ ಕೆಟ್ಟಿದ್ದು ಲೋಡರ್ ಅಲ್ಲ, ಹುಡುಕುವ ಕ್ರಮ.

ಲೋಡರ್ ಹೇಳುವುದನ್ನು ಗಮನವಿಟ್ಟು ಓದಿದರೆ ಅರ್ಧ ಕೆಲಸ ಮುಗಿಯಿತು. ‘ಅನೇಬಲ್ ಟು ಲೋಡ್’ ಎಂದರೆ ಫೈಲೇ ಸಿಗಲಿಲ್ಲ: ಹೆಸರು, ಫೋಲ್ಡರ್ ನೋಡಿ. ‘ನಾನ್ ಎಕ್ಸಿಸ್ಟೆಂಟ್ ಕ್ಲಾಸ್’ ಎಂದರೆ ಫೈಲ್ ಸಿಕ್ಕಿತು, ಒಳಗೆ ಆ ಹೆಸರಿನ ಕ್ಲಾಸ್ ಇಲ್ಲ. ಖಾಲಿ ಪುಟ ಬಂದರೆ ಬಹುಶಃ ಎನ್‌ವಿರಾನ್‌ಮೆಂಟ್, ದೋಷಗಳನ್ನು ಪುಟದಲ್ಲಿ ತೋರಿಸದ ಪ್ರೊಡಕ್ಷನ್‌ನಲ್ಲಿದೆ. ಕಾನ್ಫಿಗ್‌ನಲ್ಲಿ ಲಾಗ್ ಥ್ರೆಶೋಲ್ಡ್ 1 ಮಾಡಿ, ಲಾಗ್ಸ್ ಫೋಲ್ಡರಿಗೆ ಬರೆಯುವ ಅನುಮತಿ ಕೊಟ್ಟು ಅಲ್ಲಿ ಓದಿ. ಲೋಡ್ ಆದ ಮೇಲೆ ‘ಅನ್‌ಡಿಫೈನ್ಡ್ ಪ್ರಾಪರ್ಟಿ’ ಬಂದರೆ, ನಾವೇ ಬೇರೆ ಹೆಸರು ಕೊಡದಿದ್ದರೆ ಆಬ್ಜೆಕ್ಟ್ ಹೆಸರು ಪೂರ್ತಿ ಸ್ಮಾಲ್ ಅಕ್ಷರದಲ್ಲಿರುತ್ತದೆ ಎಂದು ನೆನಪಿಸಿಕೊಳ್ಳಿ. ಲೈಬ್ರರಿಯ ಒಳಗೇ ಆ ದೋಷ ಬಂದರೆ, ಅಲ್ಲಿ ಗೆಟ್ ಇನ್‌ಸ್ಟನ್ಸ್ ಫಂಕ್ಷನ್ ಕರೆಯದೆ ಫ್ರೇಮ್‌ವರ್ಕ್‌ನ ಯಾವುದೂ ಕೈಗೆ ಸಿಗದು.

ಲೋಡರ್‌ನಿಂದ ದೋಷ ಸಂದೇಶವೇ ಬಾರದ ಒಂದು ಪ್ರಕರಣ ನನ್ನನ್ನು ನಿಜಕ್ಕೂ ಕಾಡಿತ್ತು. ಗೆಳೆಯರೊಬ್ಬರು ತಮ್ಮದೇ ಇಮೇಲ್ ಕ್ಲಾಸ್ ಬರೆದು ಲೈಬ್ರರೀಸ್‌ನಲ್ಲಿ ಇಟ್ಟಿದ್ದರು. ಸಿಸ್ಟಮ್‌ನಲ್ಲೂ ಅದೇ ಹೆಸರಿನದಿದೆ. ನಮ್ಮ ಕ್ಲಾಸ್ ಹೆಸರಿನ ಹಿಂದೆ ‘ಸಿಐ’ ಪ್ರಿಫಿಕ್ಸ್ ಇಲ್ಲದಿದ್ದರೆ ಲೋಡರ್ ನಮ್ಮದನ್ನು ಬಿಟ್ಟು ಸಿಸ್ಟಮ್‌ನದನ್ನೇ ತರುತ್ತದೆ. ತಾವು ಬರೆದ ಮೆಥಡ್ ಇಲ್ಲವೆನ್ನುತ್ತಿದೆಯಲ್ಲ ಎಂದು ಅವರು ದಿನವಿಡೀ ತಲೆ ಕೆಡಿಸಿಕೊಂಡರು. ‘ಮೈ’ ಪ್ರಿಫಿಕ್ಸ್ ಕೊಟ್ಟು ವಿಸ್ತರಿಸಿದಾಗ ಸರಿಹೋಯಿತು.

ಅಕ್ಷರದ ತೊಂದರೆಗೆ, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ಕಾರಣ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಒಂದಕ್ಷರವನ್ನು ಕ್ಯಾಪಿಟಲ್ ಮಾಡಿದರೆ ಗಿಟ್‌ಗೆ ಅದು ಬದಲಾವಣೆಯೇ ಅಲ್ಲ, ಸರ್ವರಿಗೆ ಹಳೆಯ ಹೆಸರೇ ಹೋಗುತ್ತದೆ. ಗಿಟ್ ಎಂವಿ ಬಳಸಿ ಹೆಸರು ಬದಲಿಸಬೇಕು. ಕಂಪೋಸರ್ ತಂದರೂ ಈ ತೊಂದರೆ ತಪ್ಪದು.

ಈಗ ಕಳೆದುಕೊಳ್ಳುವುದನ್ನು ಲೆಕ್ಕ ಹಾಕೋಣ. ಲೈಬ್ರರಿಯ ಹೆಸರಿನದೇ ಕಾನ್ಫಿಗ್ ಫೈಲ್ ಇದ್ದರೆ ಲೋಡರ್ ಅದನ್ನು ತಾನೇ ಓದಿ ಕನ್‌ಸ್ಟ್ರಕ್ಟರ್‌ಗೆ ಕೊಡುತ್ತದೆ. ಅದೇ ಕ್ಲಾಸನ್ನು ಕಂಪೋಸರ್‌ಗೆ ಸರಿಸಿ ನಾವೇ ‘ನ್ಯೂ’ ಎಂದು ಸೃಷ್ಟಿಸಿದರೆ ಆ ಸೆಟ್ಟಿಂಗ್‌ಗಳು ಬರುವುದಿಲ್ಲ, ಬಂದಿಲ್ಲವೆಂದು ಯಾರೂ ಎಚ್ಚರಿಸುವುದೂ ಇಲ್ಲ. ರಸೀದಿ ಮುದ್ರಣವಾಗುತ್ತದೆ, ಸಂಸ್ಥೆಯ ಹೆಸರಿನ ಜಾಗ ಮಾತ್ರ ಖಾಲಿ. ಕಣ್ಣಿಗೆ ಕಾಣುವ ಒಂದು ದೋಷ ಕೊಟ್ಟು ಕಾಣದ ದೋಷ ಕೊಂಡಂತಾಯಿತು.

ಸರ್ವರಿನ ವಾಸ್ತವವನ್ನೂ ಮರೆಯಬಾರದು. ಸಣ್ಣ ಸಂಘ, ಶಾಲೆ, ಅಂಗಡಿಗಳ ಎಷ್ಟೋ ತಾಣಗಳು ಶೇರ್ಡ್ ಹೋಸ್ಟಿಂಗ್‌ನಲ್ಲಿವೆ. ಫೈಲ್‌ಗಳು ಎಫ್‌ಟಿಪಿಯಲ್ಲಿ ಏರುತ್ತವೆ. ಕಂಪೋಸರ್ ತಂದದ್ದೆಲ್ಲ ಇರುವ ವೆಂಡರ್ ಫೋಲ್ಡರ್ ಏರುವಾಗ ಅರ್ಧಕ್ಕೆ ನಿಂತರೆ ಏನು ಉಳಿಯಿತು, ಏನು ಹೋಯಿತು ಎಂದು ತಿಳಿಯುವುದೇ ಕಷ್ಟ. ಅಲ್ಲಿನ ಪಿಎಚ್‌ಪಿ ಆವೃತ್ತಿ ಕಡಿಮೆಯಿದ್ದರೆ ಕಂಪೋಸರ್ 2ರ ಪ್ಲಾಟ್‌ಫಾರ್ಮ್ ಪರೀಕ್ಷೆ ಇಡೀ ತಾಣವನ್ನೇ ನಿಲ್ಲಿಸುತ್ತದೆ. ಲೋಡರ್ ಸೋತಾಗ, ಆ ಲೈಬ್ರರಿಯನ್ನು ಪ್ರತಿ ಪುಟಕ್ಕೂ ತಾನಾಗಿ ಲೋಡ್ ಆಗುವ ಆಟೋಲೋಡ್ ಪಟ್ಟಿಗೆ ಹಾಕಿರದಿದ್ದರೆ, ನಿಲ್ಲುವುದು ಅದನ್ನು ಕರೆದ ಪುಟವೊಂದೇ.

ಎಂಪಿಡಿಎಫ್ ವಿಷಯದಲ್ಲಿ ನನ್ನ ತಕರಾರಿಲ್ಲ. ಕನ್ನಡ ರಸೀದಿ ಬೇಕು, ಒತ್ತಕ್ಷರ ನೆಟ್ಟಗಿರಬೇಕು. ಅದಕ್ಕೆ ಕೋಡ್‌ಇಗ್ನೈಟರ್ 3ರಲ್ಲೇ ದಾರಿಯಿದೆ: ಕಾನ್ಫಿಗ್‌ನ ಕಂಪೋಸರ್ ಆಟೋಲೋಡ್. ಅದನ್ನು ಬರೀ ‘ಟ್ರೂ’ ಮಾಡಿದರೆ ಅಪ್ಲಿಕೇಶನ್ ಒಳಗಿನ ವೆಂಡರ್ ಫೋಲ್ಡರನ್ನಷ್ಟೇ ನೋಡುತ್ತದೆ, ಸಿಗದಿದ್ದರೆ ಲಾಗ್‌ನಲ್ಲಿ ಬರೆದು ಸುಮ್ಮನಾಗುತ್ತದೆ. ವೆಂಡರ್ ಹೊರಗಿದ್ದರೆ ಪೂರ್ತಿ ಪಾತ್ ಕೊಡಿ. ಹೊರಗಿನದು ಆ ದಾರಿಯಲ್ಲಿ ಬರಲಿ. ಅದನ್ನು ಸುತ್ತುವ ಪುಟ್ಟ ಲೈಬ್ರರಿಯೊಂದನ್ನು ನಾವೇ ಬರೆದು ಲೋಡರ್‌ನಿಂದ ಕರೆಯೋಣ.

8.2ರ ಎಚ್ಚರಿಕೆಗೂ ಇಡೀ ಯೋಜನೆ ಕೆಡವಬೇಕಿಲ್ಲ. ಡೈನಾಮಿಕ್ ಪ್ರಾಪರ್ಟಿಗೆ ಅನುಮತಿ ಕೊಡುವ ಆಟ್ರಿಬ್ಯೂಟನ್ನು ಪಿಎಚ್‌ಪಿಯೇ ಕೊಟ್ಟಿದೆ. ಸಂಬಂಧಪಟ್ಟ ಕೆಲವು ಕ್ಲಾಸ್‌ಗಳ ತಲೆಯ ಮೇಲೆ ಒಂದೊಂದು ಸಾಲು ಸಾಕು. ಬದಲಾಗಲೇಬೇಕು ಎಂದಾದರೆ 2020ರ ಫೆಬ್ರುವರಿಯಿಂದ 4ನೇ ಆವೃತ್ತಿ ಇದೆ, ಅದರ ಬುಡವೇ ಪಿಎಸ್ಆರ್-4. ಸಮಯ, ಹಣ ಕೂಡಿಬಂದ ದಿನ ನೇರ ಅಲ್ಲಿಗೆ ಹೋಗುತ್ತೇನೆ, ನಡುವೆ ಇಳಿದು ಇನ್ನೊಂದು ಬಸ್ಸು ಹಿಡಿಯುವುದಿಲ್ಲ.