ನೆಕರ್ ದಂಡೆಯಲ್ಲಿ ಮರೆತ ಮಾತು

ಜರ್ಮನಿಯ ಟ್ಯೂಬಿಂಗನ್ನಿನ ನೆಕರ್ ಸೇತುವೆಯ ಮೇಲೆ ನಿಂತು, ಉದ್ದನೆಯ ಮರದ ದೋಣಿಗಳನ್ನು ವಿದ್ಯಾರ್ಥಿಗಳು ನದಿಯ ತಳಕ್ಕೆ ಕೋಲೂರಿ ನೂಕಿಕೊಂಡು ಹೋಗುವುದನ್ನು ನೋಡುತ್ತಿದ್ದಾಗ, ಆ ಕೋಲಿಗೆ ನಮ್ಮಲ್ಲಿ ಏನನ್ನುತ್ತಾರೆ ಎಂಬುದೇ ನನಗೆ ಮರೆತುಹೋಯಿತು. ಹುಟ್ಟು ಅಲ್ಲ, ಹುಟ್ಟಿಗೆ ತುದಿಯಲ್ಲಿ ಹಲಗೆಯಿರುತ್ತದೆ. ಬೇರೆ ಊರಾಗಿದ್ದರೆ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆ. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಕಟ್ಟಿದ ಫರ್ಡಿನಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಇಲ್ಲಿ ನಿಂತು ಕನ್ನಡ ಮರೆಯುವುದೆಂದರೆ ಮೇಷ್ಟರ ಮನೆಯ ಜಗಲಿಯಲ್ಲೇ ಮಗ್ಗಿ ತಪ್ಪಿದಂತೆ.

ದಂಡೆಯಲ್ಲಿ ಹಳದಿ ಬಣ್ಣದ ಗೋಪುರವೊಂದಿದೆ. ಬುದ್ಧಿಭ್ರಮಣೆಗೊಳಗಾದ ಕವಿ ಹೋಲ್ಡರ್ಲಿನ್ ಬಡಗಿಯೊಬ್ಬನ ಕುಟುಂಬದ ಆಶ್ರಯದಲ್ಲಿ ಇಲ್ಲಿ 36 ವರ್ಷ ಬಾಳಿ, 1843ರ ಜೂನ್ 7ರಂದು ಕಣ್ಣುಮುಚ್ಚಿದ. ಇನ್ನೂ ತಿಂಗಳು ತುಂಬುವ ಮೊದಲೇ, ಜುಲೈ 1ರಂದು, ಇದೇ ಊರಿನಲ್ಲಿ ದೇವತಾಶಾಸ್ತ್ರ ಓದಿದ್ದ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಈ ಎರಡಕ್ಕೂ ಯಾವ ನಂಟೂ ಇಲ್ಲವೆಂದು ಗೊತ್ತಿದ್ದರೂ, ಗೋಪುರದ ಕಿಟಕಿಯತ್ತ ನೋಡುತ್ತ ನಾನು ದಿನಗಳನ್ನು ಬೆರಳಲ್ಲಿ ಎಣಿಸಿದೆ: ಇಪ್ಪತ್ತನಾಲ್ಕು.

ಕಲ್ಲು ಹಾಸಿದ ಇಕ್ಕಟ್ಟಿನ ಏರುದಾರಿಗಳಲ್ಲಿ ಏದುಸಿರು ಬಿಡುತ್ತ, ಗಂಟಿನಂತೆ ಹೆಣೆದು ಸುಟ್ಟ ಬ್ರೆಡ್ಡಾದ ಬ್ರೆಟ್ಸೆಲೊಂದನ್ನು, ಬೆಣ್ಣೆ ಸವರಿದ್ದನ್ನು, ಮೆಲ್ಲುತ್ತ ಕೋಟೆಯತ್ತ ನಡೆದೆ. (ಅದರ ಮೇಲಿನ ಉಪ್ಪಿನ ಹರಳುಗಳನ್ನು ಉದುರಿಸಿಯೇ ತಿನ್ನಬೇಕೆಂಬುದು ನನ್ನ ಖಚಿತ ಅಭಿಪ್ರಾಯ.) 1477ರಲ್ಲಿ ಹುಟ್ಟಿದ ಇಲ್ಲಿನ ವಿಶ್ವವಿದ್ಯಾಲಯ ಮೋಗ್ಲಿಂಗ್ ಮತ್ತು ಕಿಟೆಲ್ ಇಬ್ಬರಿಗೂ ಗೌರವ ಡಾಕ್ಟರೇಟ್ ನೀಡಿತು. ಅದು ಸರಿಯೇ, ಆದರೆ ನನ್ನನ್ನು ಕಾಡಿದ್ದು ಪದವಿಯಲ್ಲ. ಧಾರವಾಡದ ಸಂತೆಯ ಮಾತು, ಮಂಗಳೂರಿನ ಅಚ್ಚುಮೊಳೆಗಳ ಸದ್ದು ಕಿವಿಯಲ್ಲಿ ತುಂಬಿಕೊಂಡು ಬಂದ ಮುದುಕ ಕಿಟೆಲ್, ಈ ಬೀದಿಗಳಲ್ಲಿ ಯಾರೊಡನೆ ಕನ್ನಡ ಆಡುತ್ತಿದ್ದಿರಬಹುದು? ಮಳೆಗಾಲದ ಸಂಜೆ ‘ಜಡಿ’ ಎಂಬ ಮಾತು ನಾಲಗೆಗೆ ಬಂದಾಗ ಅದನ್ನು ಯಾರಿಗೆ ಹೇಳುತ್ತಿದ್ದರು?

ಮರಳುವ ರೈಲಿಗೆ ಕಾಯುತ್ತ ಅಮ್ಮನಿಗೆ ಫೋನು ಮಾಡಿ, ದೋಣಿಯವರು ನೀರಿಗೆ ಊರುವ ಆ ಉದ್ದನೆಯ ಕೋಲಿಗೆ ಏನೆನ್ನುತ್ತಾರೆಂದು ಕೇಳಿದೆ. ‘ಗಳೆ ಅಲ್ವೇನೋ’ ಎಂದ ಅಮ್ಮ, ಅಲ್ಲಿ ದೋಣಿ ಯಾಕೆ ಹತ್ತಿದೆ, ಊಟ ಆಯಿತೇ ಎಂದು ವಿಚಾರಿಸತೊಡಗಿದಳು.