ನನ್ನ ತವರಿಗೆ ಹೊರಟಾಗ ಮಾತ್ರ ಇವರಿಗೆ ದಾರಿಯಲ್ಲಿ ಎಲ್ಲಾ ನೋಡಬೇಕು

ಮೂರು ದಿನ ಆಯ್ತು, ಇನ್ನೂ ಸಿಟ್ಟು ಇಳಿದಿಲ್ಲ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ತಲೆ ಒಡೆದು ಹೋಗುತ್ತದೆ.

ನನ್ನ ತವರು ಪುತ್ತೂರಿನ ಹತ್ತಿರ. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಮುಟ್ಟಿದರೆ ಮನೆ ಬಂದ ಹಾಗೆಯೇ. ಬೆಳಿಗ್ಗೆ ಐದೂವರೆಗೆ ಹೊರಟರೆ ಮಧ್ಯಾಹ್ನದ ಊಟ ಅಮ್ಮನ ಕೈಯಲ್ಲಿ. ಆಟಿ, ಅಂದರೆ ನಮ್ಮ ತುಳುವರ ಮಳೆಗಾಲದ ತಿಂಗಳು, ಮುಗಿಯುವುದರೊಳಗೆ ಒಮ್ಮೆ ಬಂದು ಹೋಗು ಅಂತ ಅಮ್ಮ ಒಂದು ತಿಂಗಳಿಂದ ಹೇಳುತ್ತಿದ್ದಳು. ಆಗಸ್ಟ್ 15ಕ್ಕೆ ಸೇರಿ ಮೂರು ದಿನ ರಜೆ ಸಿಕ್ಕಿತು. ಹೊರಟೆವು. ಮನೆ ಮುಟ್ಟಿದ್ದು ರಾತ್ರಿ ಎಂಟೂವರೆಗೆ.

ಗಾಡಿ ಕೆಡಲಿಲ್ಲ, ರಸ್ತೆ ಬಂದ್ ಆಗಿರಲಿಲ್ಲ. ನನ್ನ ಗಂಡನಿಗೆ ಜಾಗ ನೋಡಬೇಕಿತ್ತು, ಅಷ್ಟೇ.

ಹಾಸನದಲ್ಲಿ ಶುರುವಾಯಿತು. "ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚ್ ನೀರಲ್ಲಿ ಮುಳುಗಿರುತ್ತೆ, ಈಗ ನೋಡದೆ ಇನ್ಯಾವಾಗ ನೋಡೋದು?" ಅಂತ ಗಾಡಿ ತಿರುಗಿಸಿಯೇಬಿಟ್ಟರು. ಹೇಮಾವತಿ ಹಿನ್ನೀರಲ್ಲಿ ನಿಂತ ಆ ಹಳೇ ಗೋಡೆಗಳು ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲೇ ಒಂದೂವರೆ ಗಂಟೆ ಹೋಯಿತು. ಆಮೇಲೆ ಸಕಲೇಶಪುರ ದಾಟಿ ಮಂಜರಾಬಾದ್ ಕೋಟೆ. ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಹಾಗಿದೆ, ಮಗಳಿಗೆ ತೋರಿಸಬೇಕಂತೆ. ಆರು ವರ್ಷದ ಮಗು, ಪಾಚಿ ಹಿಡಿದ ಮೆಟ್ಟಿಲು, ಜಿಟಿಜಿಟಿ ಮಳೆ. ಅರ್ಧ ದಾರಿಯಲ್ಲೇ "ಅಮ್ಮಾ, ಎತ್ಕೋ" ಅಂದಳು. ಎತ್ತಿಕೊಂಡು ಹತ್ತಿದ್ದು ನಾನು. ಫೋಟೋ ತೆಗೆದಿದ್ದು ಇವರು.

ಕೋಟೆ ಇಳಿದ ಮೇಲಾದರೂ ಸೀದಾ ಶಿರಾಡಿ ಇಳಿಯಬಾರದಿತ್ತಾ? ಗಾಡಿ ವಾಪಸ್ ಸಕಲೇಶಪುರಕ್ಕೆ ತಿರುಗಿತು. ಯಾಕೆ ಅಂದರೆ ಬಿಸಿಲೆ ಘಾಟಿ. "ಸುಬ್ರಹ್ಮಣ್ಯದ ಕಡೆಯಿಂದ ಹೋದ್ರೂ ಪುತ್ತೂರೇ ಸಿಗೋದು, ಸ್ವಲ್ಪ ಸುತ್ತು ಅಷ್ಟೇ." ನಾನು ಬೇಡ ಅಂತ ಮೂರು ಸಲ ಹೇಳಿದೆ. ಬಿಸಿಲೆಯ ವ್ಯೂ ಪಾಯಿಂಟಿನಿಂದ ಕುಮಾರ ಪರ್ವತ ಕಾಣುತ್ತದೆ, ಸರಿ. ಆಗಸ್ಟ್ ತಿಂಗಳ ಮಳೆಯಲ್ಲಿ ಏನು ಕಂಡಿತು ಗೊತ್ತಾ? ಮಂಜು. ಬೆಳ್ಳಗೆ, ಗೋಡೆ ಹಾಗೆ. ಅದರ ಮುಂದೆ ಅರ್ಧ ಗಂಟೆ "ಈಗ ಸರಿಯುತ್ತೆ, ಈಗ ಸರಿಯುತ್ತೆ" ಅಂತ ಕಾದೆವು. ಇಳಿಯುವಾಗ ತಿರುವು ತಿರುವಿಗೂ ಮಗು ವಾಂತಿ ಮಾಡಿತು. ನನ್ನ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಮಡಿಲಲ್ಲಿ ಅದರ ತಲೆ.

ಆ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಸುಬ್ರಹ್ಮಣ್ಯ ಹತ್ತಿರ ಬಂದಾಗ ಒಟ್ಟಿಗೆ ಮೆಸೇಜ್ ಬಂದವು. ಅಮ್ಮ ಹದಿನೇಳು ಸಲ ಫೋನ್ ಮಾಡಿದ್ದಳು. ಮಳೆಗಾಲ, ಘಾಟಿಯಲ್ಲಿ ಗುಡ್ಡ ಜರಿಯುವ ಕಾಲ. ಟೀವಿಯಲ್ಲಿ ದಿನಾ ಅದೇ ಸುದ್ದಿ. ಮಧ್ಯಾಹ್ನಕ್ಕೆ ಬರಬೇಕಾದ ಮಗಳು ಸಂಜೆಯಾದರೂ ಇಲ್ಲ, ಫೋನೂ ಹೋಗುತ್ತಿಲ್ಲ ಅಂದರೆ ಆ ಜೀವಕ್ಕೆ ಹೇಗಾಗಿರಬೇಡ? ನಾನು ಫೋನ್ ಮಾಡಿದಾಗ "ಎಲ್ಲಿಗೆ ಮುಟ್ಟಿದಿರಿ ಮಗಾ?" ಅಂದಳು. ದನಿ ನಡುಗುತ್ತಿತ್ತು. ಇವರು ಪಕ್ಕದಿಂದ, "ಅತ್ತೆ ಸುಮ್ನೆ ಟೆನ್ಷನ್ ಮಾಡ್ಕೋತಾರೆ" ಅಂದರು.

ಸುಮ್ನೆಯಾ?

ಮನೆಗೆ ಬಂದಾಗ ಅಪ್ಪ ಕೊಡೆ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದರು. ಪಂಚೆಯ ಅಂಚು ಪೂರ್ತಿ ಒದ್ದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕೇಳುವ ಧೈರ್ಯ ಬರಲಿಲ್ಲ. ಅಮ್ಮ ಬೆಳಿಗ್ಗೆಯೇ ಕೆಸುವಿನ ಎಲೆ ಕೊಯ್ದು ಪತ್ರೊಡೆ ಮಾಡಿಟ್ಟಿದ್ದಳು. ಬಿಸಿಬಿಸಿ ಇರುವಾಗ ಬೆಲ್ಲ, ಕಾಯಿತುರಿ ಹಾಕಿ ಕೊಡಬೇಕು ಅಂತ ಅವಳ ಆಸೆ. ಮೂರು ಸಲ ಬಿಸಿ ಮಾಡಿ ಅದರ ಅಂಚು ಕಪ್ಪಾಗಿ ಒಣಗಿತ್ತು. ಅವರಿಬ್ಬರೂ ಮಧ್ಯಾಹ್ನ ಊಟವನ್ನೇ ಮಾಡಿರಲಿಲ್ಲ. ಮೊಮ್ಮಗಳು ಒಂದು ತುತ್ತೂ ತಿನ್ನದೆ ನಿದ್ದೆ ಹೋದಳು.

ಈಗ ಇನ್ನೊಂದು ಕಡೆ ನೋಡಿ. ಇವರ ಊರು ದಾವಣಗೆರೆ. ಮದುವೆಯಾಗಿ ಎಂಟು ವರ್ಷ, ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತೇವೆ. ದಾರಿಯಲ್ಲೇ ಚಿತ್ರದುರ್ಗ. ಏಳು ಸುತ್ತಿನ ಕೋಟೆಗೆ ಘಾಟಿ ಹತ್ತಬೇಕಾಗಿಲ್ಲ, ಊರು ಸುತ್ತಬೇಕಾಗಿಲ್ಲ. ಒಂದು ಸಲ, ಒಂದೇ ಒಂದು ಸಲ ಗಾಡಿ ನಿಂತಿಲ್ಲ. ನಾನು ಕೇಳಿದರೆ "ಅಮ್ಮ ಊಟಕ್ಕೆ ಕಾಯ್ತಿರ್ತಾರೆ, ಇನ್ನೊಂದು ಸಲ ನೋಡೋಣ" ಅನ್ನುತ್ತಾರೆ. ಇವರ ಅಮ್ಮ ಕಾಯುವುದು ಕಾಯುವುದು, ನನ್ನ ಅಮ್ಮ ಕಾಯುವುದು ಟೆನ್ಷನ್!

ಜಾಗ ನೋಡುವುದು ನನಗೂ ಇಷ್ಟ. ಅದಕ್ಕೇ ಅಂತ ಹೊರಡೋಣ, ಎರಡು ದಿನ ಬಿಸಿಲೆಯಲ್ಲೇ ಇರೋಣ. ವಾಪಸ್ ಬರುವಾಗಲಾದರೂ ನಿಲ್ಲಿಸಲಿ, ಬೆಂಗಳೂರಲ್ಲಿ ನಮ್ಮನ್ನು ಯಾರೂ ಕಾಯುತ್ತಿರುವುದಿಲ್ಲ. ಆದರೆ ಭಾನುವಾರ ಏನಾಯಿತು? ಅಮ್ಮ "ಊಟ ಮಾಡಿಕೊಂಡೇ ಹೊರಡಿ" ಅಂತ ಅಂಗಲಾಚಿದಳು. "ನಾಳೆ ಆಫೀಸು ಅತ್ತೆ, ಲೇಟಾಗುತ್ತೆ" ಅಂತ ಬೆಳಿಗ್ಗೆ ಒಂಬತ್ತಕ್ಕೇ ಹೊರಡಿಸಿದರು. ಶಿರಾಡಿ ಹತ್ತಿ, ಒಂದು ಕಾಫಿಗೆ ಬಿಟ್ಟರೆ ಎಲ್ಲೂ ನಿಲ್ಲದೆ, ನಾಲ್ಕು ಗಂಟೆಗೆ ಬೆಂಗಳೂರು.

ದಸರಾ ರಜೆಗೆ ನಾನು, ಮಗಳು ರಾತ್ರಿ ಬಸ್ಸಿಗೆ ಹೋಗುತ್ತೇವೆ. ಬೆಳಿಗ್ಗೆ ಅಪ್ಪ ಬಸ್‌ ಸ್ಟ್ಯಾಂಡಿಗೆ ಬರುತ್ತಾರೆ. ಇವರಿಗೆ ಇನ್ನೂ ಹೇಳಿಲ್ಲ. ಅಮ್ಮನಿಗೆ ಹೇಳಿಯಾಯಿತು.